ಬೆಳೆದದ್ದೆಲ್ಲ ಮಾರಾಟಕ್ಕೆ, ಮನೆಯಲ್ಲಿ ಬಸುರಿಗೆ ರಕ್ತ ಕಮ್ಮಿ. ಏನು ಮಾಡೋದು?

ಯಲಹಂಕದವಳು:
ನನ್ನ ತವರು ದೊಡ್ಡಬಳ್ಳಾಪುರದ ಹತ್ತಿರ ಒಂದು ಹಳ್ಳಿ. ಎರಡು ಎಕರೆ ಹೊಲ, ಎರಡು ಹಸು. ಮೊದಲು ರಾಗಿ, ಅವರೆ ಇರುತ್ತಿತ್ತು. ಈಗ ಪೂರ್ತಿ ಮುಸುಕಿನ ಜೋಳ, ಹಾಲೆಲ್ಲ ಡೈರಿಗೆ. ಅತ್ತಿಗೆ ಐದು ತಿಂಗಳ ಬಸುರಿ, ಹೋದ ವಾರ ಹಿಮೋಗ್ಲೋಬಿನ್ 8.6 ಬಂದಿದೆ. ಮೂರು ಹೊತ್ತೂ ಅನ್ನ, ತಿಳಿಸಾರು, ಊಟ ಆದ ತಕ್ಷಣ ಟೀ. ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ಹೊಟ್ಟೆ ತೊಳಸುತ್ತದೆ ಅಂತ ಗೂಡಿನಲ್ಲಿ ಇಟ್ಟಿದ್ದಾರೆ, ಒಂದು ಮಾತ್ರೆಯೂ ಬಿಚ್ಚಿಲ್ಲ. ಈ ಸಲ ರಾಗಿ ಹಾಕಿಸಿದರೆ ಸರಿಹೋಗುತ್ತಾ? ಅಪ್ಪನಿಗೆ ಹೇಗೆ ಹೇಳಲಿ?

ಮಾಗಡಿ ರೈತ:
ಎರಡು ಎಕರೆಯನ್ನೂ ಬದಲಾಯಿಸಿ ಅಂದರೆ ಯಾವ ಅಪ್ಪನೂ ಒಪ್ಪಲ್ಲ ತಂಗಿ, ಹಸುಗಳಿಗೆ ಮೇವು ಬೇಕಲ್ವಾ. ಹತ್ತು ಗುಂಟೆ ಕೇಳಿ ಸಾಕು. ರಾಗಿ ಮಧ್ಯೆ ಅಕ್ಕಡಿ ಸಾಲಿನಲ್ಲಿ, ಅಂದರೆ ನಡುನಡುವೆ ಬಿಡುವ ಮಿಶ್ರ ಬೆಳೆ ಸಾಲಿನಲ್ಲಿ, ಅವರೆ, ತೊಗರಿ, ಹುಚ್ಚೆಳ್ಳು ಹಾಕಲಿ. ನಮ್ಮಜ್ಜಿ ಅಕ್ಕಡಿ ಕಾಳನ್ನು ಮಡಿಲಲ್ಲಿ ಕಟ್ಟಿಕೊಂಡು ಬಿತ್ತುವ ಕೂರಿಗೆ ಹಿಂದೆ ನಡೆಯುತ್ತ ಬಿಡುತ್ತಿದ್ದರು, ಒಂದೇ ಹೊಲದಲ್ಲಿ ಮುದ್ದೆ, ಬೇಳೆ, ಎಣ್ಣೆ ಮೂರೂ ಬರುತ್ತಿತ್ತು. ಅವರೆ, ತೊಗರಿ ಬೇರಿನಿಂದ ನೆಲಕ್ಕೆ ಸಾರಜನಕವೂ ಸಿಗುತ್ತದೆ, ರಾಗಿ ಹುಲ್ಲು ಹಸುವಿಗೆ ಆಗುತ್ತದೆ. ಬೀಜಕ್ಕೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಜಿಪಿಯು 28 ರಾಗಿ ತಳಿ ನೋಡಿ, ಬೆಂಕಿ ರೋಗ ತಡೆಯುತ್ತದೆ.

ಆದರೆ ಲೆಕ್ಕ ಹಾಕಿ: ಈಗ ಬಿತ್ತಿದ ರಾಗಿ ಮನೆಗೆ ಬರುವ ಹೊತ್ತಿಗೆ ಮಗು ತೊಟ್ಟಿಲಲ್ಲಿ ಇರುತ್ತದೆ. ಅತ್ತಿಗೆಗೆ ಬೇಕಿರುವುದು ಇವತ್ತಿಗೆ. ಬಚ್ಚಲ ನೀರು ಹರಿಯುವ ಕಡೆ ದಂಟು ಚೆಲ್ಲಿ, ಒಂದು ತಿಂಗಳಲ್ಲಿ ಕೀಳಬಹುದು.

ನರ್ಸಕ್ಕ:
ನಾನು ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ರಾಗಿ ತಿಂದರೆ ರಕ್ತ ಆಗುತ್ತದೆ ಅಂತ ದಿನಾ ಕೇಳುತ್ತೇನೆ. ರಾಗಿಯಲ್ಲಿ ಜಾಸ್ತಿ ಇರುವುದು ಕ್ಯಾಲ್ಸಿಯಂ, 100 ಗ್ರಾಂಗೆ 300 ಮಿಲಿಗ್ರಾಂ ದಾಟುತ್ತದೆ. ತಿನ್ನಲಿ, ಒಳ್ಳೆಯದೇ. ಆದರೆ 8.6 ಇರುವಾಗ ಬರೀ ಊಟದಿಂದ ಸಾಲದು. ಬಸುರಿಗೆ 11 ಆದರೂ ಇರಬೇಕು. ಮಾತ್ರೆ ತಗೊಳ್ಳಲೇಬೇಕು. ರಾತ್ರಿ ಊಟ ಆದಮೇಲೆ ನುಂಗಿದರೆ ತೊಳಸುವುದು ಕಮ್ಮಿ, ನಿಂಬೆಹಣ್ಣಿನ ಪಾನಕದ ಜೊತೆ ತಗೊಂಡರೆ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಹಾಲು, ಟೀ, ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಬೇಡ, ಎರಡು ಗಂಟೆ ಬಿಡಿ. ಮಲ ಕಪ್ಪಾದರೆ ಹೆದರಬೇಡಿ. ಆದರೂ ತೊಳಸುವುದು ನಿಲ್ಲದಿದ್ದರೆ ಡಾಕ್ಟರ್‌ಗೆ ಹೇಳಿ, ಸುಮ್ನೆ ನಿಲ್ಲಿಸಬೇಡಿ.

ಇನ್ನೊಂದು, ಅಂಗನವಾಡಿಯಲ್ಲಿ ಹೆಸರು ಬರೆಸಿದ್ದಾರಾ? ಮಾತೃಪೂರ್ಣ ಯೋಜನೆ 2017ರಿಂದ ಇದೆ, ಬಸುರಿ, ಬಾಣಂತಿಯರಿಗೆ ಮಧ್ಯಾಹ್ನ ಬಿಸಿ ಊಟ, ಮೊಟ್ಟೆ, ಹಾಲು. ನಾಚಿಕೆ ಅಂತ ಎಷ್ಟೋ ಜನ ಹೋಗಲ್ಲ, ಅದೇ ನನಗೆ ಬೇಜಾರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 47.8 ಜನಕ್ಕೆ ರಕ್ತಹೀನತೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ?

ಸೊಪ್ಪಿನಮ್ಮ:
ಜೋಳಕ್ಕೆ ಕಳೆನಾಶಕ ಹೊಡೆಯುತ್ತಾರಾ ಕೇಳಿ. ಹೊಡೆದ ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪೂ ಬರಲ್ಲ, ಬಂದರೂ ಕೀಳಬೇಡಿ. ನುಗ್ಗೆ ಕೊಂಬೆ ಒಂದು ನೆಡಿ. ಬಸ್ಸಾರು ಮಾಡಿದ ದಿನ ಅತ್ತಿಗೆಗೂ ಪಲ್ಯ ಜಾಸ್ತಿ ಉಳಿಯಲಿ, ಹೆಂಗಸರು ಕೊನೆಗೆ ಕೂತರೆ ಬರೀ ಸಾರು ಇರುತ್ತದೆ.

ಯಲಹಂಕದವಳು:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಫೋನ್ ಮಾಡಿದ್ದೆ. ಹತ್ತು ಗುಂಟೆಗೆ ಹೂಂ ಅಂದರು. ಇವತ್ತು ಸಂಜೆಯಿಂದ ಅರ್ಧ ಲೀಟರ್ ಹಾಲು ತೆಗೆದಿಟ್ಟು ಮಿಕ್ಕಿದ್ದು ಡೈರಿಗೆ. ನಾಳೆ ಆಶಾ ಅಕ್ಕ ಬಂದು ಅತ್ತಿಗೆಯನ್ನು ಅಂಗನವಾಡಿಗೆ ಕರೆದುಕೊಂಡು ಹೋಗುತ್ತಾರಂತೆ, ಭಾನುವಾರ ನಾನೇ ಊರಿಗೆ ಹೋಗಿ ಮಾತ್ರೆ ಎಣಿಸುತ್ತೇನೆ.