ದೇವಿಮನೆ ಘಟ್ಟ, ಆಮೇಲೆ ಟೈಮ್ ಟ್ರಯಲ್: ತಯಾರಿ ಹೇಗೆ?

ಕೇಳಿದ್ದು (ಕುಮಟಾ): ವಯಸ್ಸು 34, ತೂಕ 55 ಕಿಲೋ, ಶಾಲೆ ಕೆಲಸ. 11 ಸ್ಪೀಡ್ ರೋಡ್ ಸೈಕಲ್, ಮುಂದಿನ ಎರಡು ಹಲ್ಲುಚಕ್ರಕ್ಕೆ 50 ಮತ್ತು 34 ಹಲ್ಲು (50/34), ಹಿಂದೆ 11ರಿಂದ 28 ಹಲ್ಲಿನವು (11-28). ಕುಮಟಾ-ಶಿರಸಿ ರಸ್ತೆಯ ಕತಗಾಲದಿಂದ ದೇವಿಮನೆವರೆಗೆ ಕಾಲು ಕೆಳಗಿಡದೆ ಹತ್ತಬೇಕು, ಫೆಬ್ರವರಿಯಲ್ಲಿ ಮಹಿಳೆಯರ ಹವ್ಯಾಸಿ ವಿಭಾಗದ 20 ಕಿ.ಮೀ. ಟೈಮ್ ಟ್ರಯಲ್ (ಒಬ್ಬೊಬ್ಬರಾಗಿ ಹೊರಟು ಗಡಿಯಾರದ ಜೊತೆ ಪೈಪೋಟಿ ಮಾಡುವ ರೇಸ್) ಓಡಿಸಬೇಕು. ಘಟ್ಟದ ಅರ್ಧಕ್ಕೇ ತೊಡೆ ಸೋಲುತ್ತದೆ, ಮೊಳಕಾಲಿನ ಮುಂಭಾಗ ನೋಯುತ್ತದೆ, ಒಂದು ತಾಸು ದಾಟಿದರೆ ಸೀಟಿನ ಮೇಲೆ ಕೂರಲಾಗುವುದಿಲ್ಲ. ವಾರಕ್ಕೆ ನಾಲ್ಕು ದಿನ ಸಿಗುತ್ತದೆ. ಎಲ್ಲಿಂದ ಶುರು ಮಾಡಲಿ?

ಶಿರಸಿಯಿಂದ: ಅಕ್ಕೋರೇ, ಮೊದಲು ಗೇರ್ ಬದಲಾಯಿಸಿ. ತೊಡೆ ಸೋಲುವುದು ಶಕ್ತಿ ಕಡಿಮೆಯಿದ್ದದ್ದಕ್ಕೆ ಎಂದು ಈಗಲೇ ತೀರ್ಮಾನಿಸಬೇಡಿ. 34/28ರಲ್ಲಿ (ಮುಂದೆ 34 ಹಲ್ಲು, ಹಿಂದೆ 28) ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 2.55 ಮೀಟರ್ ಹೋಗುತ್ತದೆ. ನಿಮಿಷಕ್ಕೆ 75 ಸುತ್ತು ತುಳಿಯಬೇಕಾದರೆ ತಾಸಿಗೆ 11.5 ಕಿ.ಮೀ. ವೇಗ ಇರಲೇಬೇಕು. ನೀವು, ಸೈಕಲ್, ನೀರು ಎಲ್ಲ ಸೇರಿ 67 ಕಿಲೋ ಎಂದಿಟ್ಟುಕೊಂಡರೆ, ನೂರಕ್ಕೆ ಆರರ ಏರಿನಲ್ಲಿ ಆ ವೇಗಕ್ಕೆ ಹತ್ತಿರಹತ್ತಿರ 145 ವಾಟ್ ಬೇಕು. ಅದೇ 34/34ರಲ್ಲಿ 75 ಸುತ್ತಿಗೆ 9.5 ಕಿ.ಮೀ. ವೇಗ ಸಾಕು, 120 ವಾಟ್‌ನಲ್ಲಿ ಮುಗಿಯುತ್ತದೆ. ಗೇರ್ ಸಾಲದೆ 50-55 ಸುತ್ತಿಗೆ ಇಳಿದಾಗ ಪ್ರತಿ ತುಳಿತವೂ ಭಾರವಾಗುತ್ತದೆ. ಮೊಳಕಾಲು ನೋಯುವುದಕ್ಕೆ ಅರ್ಧ ಕಾರಣ ಅದೇ ಇರಬಹುದು.

11-34 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ತರುವ ಮೊದಲು ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ನೋಡಿ. ಶಿಮಾನೋ 105 ಆರ್7000 ಆದರೆ ಗಿಡ್ಡ ಕೇಜ್ (ಡಿರೇಲರಿನಲ್ಲಿ ಚೈನು ಹಾಯುವ ತೋಳು) 30 ಹಲ್ಲಿನವರೆಗೆ ಮಾತ್ರ, ಉದ್ದ ಕೇಜ್ 34ರವರೆಗೆ. ಶಿಮಾನೋದ 11 ಸ್ಪೀಡ್ 11-34 ಕ್ಯಾಸೆಟ್ಟನ್ನು ರೋಡ್ ಹಬ್‌ಗೆ ಹಾಕುವಾಗ ಹಿಂದೆ 1.85 ಮಿ.ಮೀ. ಸ್ಪೇಸರ್ (ತೆಳು ಬಳೆ) ಬೇಕು. ಅದನ್ನು ಬಿಟ್ಟರೆ ಎಷ್ಟು ಬಿಗಿ ಮಾಡಿದರೂ ಕ್ಯಾಸೆಟ್ ಅಲ್ಲಾಡುತ್ತದೆ. ಹಳೇ ಚೈನು ಗಿಡ್ಡವಾಗುತ್ತದೆ. ಹೊಸದನ್ನು ಡಿರೇಲರ್ ಒಳಗೆ ಹಾಯಿಸದೆ ಮುಂದಿನ ದೊಡ್ಡ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಸುತ್ತಿ, ಕೂಡುವ ಜಾಗದಿಂದ ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿ. ಗಿಡ್ಡ ಚೈನಿನಲ್ಲಿ ಅಪ್ಪಿತಪ್ಪಿ ದೊಡ್ಡದು-ದೊಡ್ಡದಕ್ಕೆ ಬಿದ್ದರೆ ಡಿರೇಲರ್ ಕಿತ್ತು ಬರುತ್ತದೆ. ಕೊನೆಗೆ ಬಿ-ಸ್ಕ್ರೂ (ಹಲ್ಲುಚಕ್ರದಿಂದ ಡಿರೇಲರಿನ ಅಂತರ ಹೊಂದಿಸುವ ತಿರುಪು) ತಿರುಗಿಸಿ. ಡಿರೇಲರಿನ ಮೇಲಿನ ಸಣ್ಣ ಚಕ್ರ 34ರ ಹಲ್ಲಿಗೆ ಉಜ್ಜಬಾರದು.

ಕಾರವಾರದಿಂದ: ಗೇರಿನ ಮಾತು ಸರಿ. ಆದರೆ ಮೊಳಕಾಲಿನ ಮುಂಭಾಗದ ನೋವಿಗೆ ಸೀಟು ತಗ್ಗಾಗಿರುವುದೂ ದೊಡ್ಡ ಕಾರಣ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ಪುಸ್ತಕವೊಂದನ್ನು ತೊಡೆಸಂದಿಗೆ ಗಟ್ಟಿಯಾಗಿ ಒತ್ತಿ, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ಬಂದ ಅಳತೆಯನ್ನು 0.883ರಿಂದ ಗುಣಿಸಿದರೆ ಎರಡೂ ಪೆಡಲ್ ತೋಳು ಸೇರುವ ಫ್ರೇಮಿನ ಅಚ್ಚಿನ (ಬಾಟಮ್ ಬ್ರಾಕೆಟ್) ನಡುವಿನಿಂದ ಸೀಟಿನ ಮೇಲ್ಮೈವರೆಗಿನ ಎತ್ತರ ಸಿಗುತ್ತದೆ. 74 ಸೆಂ.ಮೀ. ಇದ್ದರೆ ಸುಮಾರು 65.3. ಇದು ಶುರುವಿನ ಲೆಕ್ಕ ಅಷ್ಟೇ. ಅಲ್ಲಿಂದ ಒಂದು ಸಲಕ್ಕೆ 3 ಮಿ.ಮೀ. ಮಾತ್ರ ಏರಿಸಿ-ಇಳಿಸಿ, ಎರಡು ಮೂರು ದಿನ ಓಡಿಸಿ ನೋಡಿ. ಸೊಂಟ ಆಚೀಚೆ ಓಲಾಡಿದರೆ ಎತ್ತರ ಜಾಸ್ತಿಯಾಯಿತು ಎಂದು ಅರ್ಥ.

ಸೀಟಿನ ವಿಷಯಕ್ಕೆ ಸಂಕೋಚ ಬೇಡ ಅಕ್ಕ, ಎಷ್ಟೋ ಹೆಂಗಸರು ಸೈಕಲ್ ತುಳಿಯುವುದನ್ನೇ ನಿಲ್ಲಿಸುವುದು ಇದಕ್ಕೇ. ಮೆತ್ತನೆ ಕವರ್ ಹಾಕಿದರೆ ನೋವು ಹೆಚ್ಚೇ ಆಗುತ್ತದೆ, ಯಾಕೆಂದರೆ ಮೂಳೆ ಒಳಗಿಳಿದು ನಡುವಿನ ಭಾಗಕ್ಕೆ ಒತ್ತಡ ಬೀಳುತ್ತದೆ. ಪಾರ್ಸೆಲ್ ಪೆಟ್ಟಿಗೆಯ ರಟ್ಟನ್ನು ಗಟ್ಟಿ ಮೆಟ್ಟಿಲ ಮೇಲಿಟ್ಟು, ಮುಂದೆ ಬಾಗಿ ಒಂದು ನಿಮಿಷ ಕುಳಿತರೆ ಎರಡು ಗುಳಿ ಮೂಡುತ್ತವೆ. ಗುಳಿಗಳ ನಡುವಿನ ಅಂತರಕ್ಕೆ 20-25 ಮಿ.ಮೀ. ಸೇರಿಸಿ ಆ ಅಗಲದ ಸೀಟು ತೆಗೆದುಕೊಳ್ಳಿ. ನಡುವೆ ಸೀಳಿರುವುದು ಒಳ್ಳೆಯದು. ಮೂತಿ ಮಟ್ಟವಾಗಿರಲಿ, ಬೇಕಾದರೆ ಎರಡು ಡಿಗ್ರಿ ಕೆಳಗೆ. ಪ್ಯಾಡ್ ಇರುವ ಚಡ್ಡಿಯ ಒಳಗೆ ಬೇರೆ ಒಳಉಡುಪು ಹಾಕಬಾರದು, ಅದರ ಹೊಲಿಗೆಯೇ ಚರ್ಮ ಕೆರೆಯುತ್ತದೆ. ನಮ್ಮ ಕರಾವಳಿ ಸೆಕೆಯಲ್ಲಿ ಓಡಿಸಿ ಬಂದ ಕೂಡಲೇ ಅದನ್ನು ಬಿಚ್ಚಿ ತೊಳೆಯಬೇಕು, ಇಲ್ಲದಿದ್ದರೆ ಕುರು ಏಳುತ್ತದೆ.

ಇನ್ನೊಂದು: ಬ್ರೇಕ್ ಲಿವರ್ ಕೈಗೆ ದೂರ ಅನಿಸಿದರೆ ಅದರಲ್ಲೇ ರೀಚ್ ಸ್ಕ್ರೂ ಇರುತ್ತದೆ, ಒಳಗೆ ತನ್ನಿ. ಎರಡು ಬೆರಳಲ್ಲಿ ಬ್ರೇಕ್ ಹಿಡಿಯಲಾಗದಿದ್ದರೆ ಘಟ್ಟ ಇಳಿಯಬೇಡಿ.

ಯಲ್ಲಾಪುರದಿಂದ: ನಾಲ್ಕು ದಿನ ಧಾರಾಳ ಸಾಕು. ಮಂಗಳವಾರ ಏರು: 20 ನಿಮಿಷ ಬಿಸಿಯಾಗಿ, 8 ನಿಮಿಷ ಗಟ್ಟಿಯಾಗಿ ತುಳಿದು 4 ನಿಮಿಷ ಹಗುರ, ಹೀಗೆ ನಾಲ್ಕು ಸಲ. ಎರಡು ಮೂರು ಪದಕ್ಕಿಂತ ಹೆಚ್ಚು ಮಾತಾಡಲಾಗದಷ್ಟು ಗಟ್ಟಿ, ಆದರೆ ನಾಲ್ಕನೆಯದೂ ಮೊದಲನೆಯದರಷ್ಟೇ ದೂರ ಹೋಗಬೇಕು. ಹೋಗದಿದ್ದರೆ ಮೊದಲನೆಯದನ್ನೇ ಜೋರಾಗಿ ಓಡಿಸಿದ್ದೀರಿ. ಬುಧವಾರ ಒಂದು ತಾಸು ಹಗುರವಾಗಿ, 90 ಸುತ್ತಿನಲ್ಲಿ. ಶುಕ್ರವಾರ ಸಪಾಟು ರಸ್ತೆಯಲ್ಲಿ 15 ನಿಮಿಷದ ಎರಡು ಓಟ, ರೇಸಿನಲ್ಲಿ ಕೂರುವ ಭಂಗಿಯಲ್ಲೇ. ಭಾನುವಾರ ಎರಡೂವರೆಯಿಂದ ಮೂರು ತಾಸು, ಪೂರ್ತಿ ವಾಕ್ಯ ಮಾತಾಡುವಷ್ಟು ನಿಧಾನ. ಪ್ರತಿ ನಾಲ್ಕನೇ ವಾರ ಸಮಯವನ್ನು ಮೂರನೇ ಎರಡಕ್ಕೆ ಇಳಿಸಿ. ಬಲ ಕೂಡುವುದು ಆ ವಾರದಲ್ಲೇ, ಅದನ್ನು ಬಿಡಬೇಡಿ.

ಅಳೆಯುವುದು ಒಂದೇ ಜಾಗದಲ್ಲಿರಲಿ. ಕತಗಾಲದ ಆಚೆ ಏರು ಶುರುವಾಗುವ ಕಡೆ ಒಂದು ಕಿಲೋಮೀಟರ್ ಕಲ್ಲು, ಮೇಲೆ ದೇವಸ್ಥಾನ, ಅಷ್ಟೇ. ಮೂರು ವಾರಕ್ಕೊಮ್ಮೆ, ಅದೇ ಬೆಳಗಿನ ಹೊತ್ತು, ಅದೇ ಟೈರ್ ಗಾಳಿ. ನಿಮ್ಮ ತೂಕಕ್ಕೆ 25 ಮಿ.ಮೀ. ಟೈರಿಗೆ 75-80 ಪಿ.ಎಸ್.ಐ., 28ಕ್ಕೆ 60-65 ಸಾಕು. ಬೇರೆಯವರ ಆ್ಯಪ್ ಪಟ್ಟಿಯಲ್ಲಿ ಎಷ್ಟನೆಯವರು ಎಂದು ನೋಡಬೇಡಿ. ಮೊದಲ ಗುರಿ ನಿಲ್ಲದೆ ಹತ್ತುವುದು, ಎರಡನೆಯದು ಮೊದಲ ಅರ್ಧಕ್ಕಿಂತ ಎರಡನೇ ಅರ್ಧ ನಿಧಾನವಾಗದಿರುವುದು. ಒಟ್ಟು ನಿಮಿಷ ಮೂರನೆಯದು.

ಅಂಕೋಲಾದಿಂದ: ಆರಬೈಲ್ ಘಟ್ಟವೂ ಹತ್ತಿರವೇ, ಬದಲಾವಣೆಗೆ ಅಲ್ಲಿ ಮಾಡಬಹುದಲ್ಲ?

ಯಲ್ಲಾಪುರದಿಂದ: ಬೇಡ. ಹುಬ್ಬಳ್ಳಿ ಕಡೆಯ ಲಾರಿಗಳೆಲ್ಲ ಅದೇ ದಾರಿ. ಏರಿನಲ್ಲಿ ಒಂದು ಲಾರಿ ಇನ್ನೊಂದನ್ನು ಹಿಂದೆ ಹಾಕುವಾಗ ಸೈಕಲ್ಲಿಗೆ ಜಾಗ ಇರುವುದಿಲ್ಲ. ಶುಕ್ರವಾರದ ಸಪಾಟು ಓಟವನ್ನೂ ಹೆದ್ದಾರಿ 66ರಲ್ಲಿ ಬೆಳಕು ಹರಿದ ಮೇಲೆ, ಬಸ್ಸು-ಲಾರಿ ಹೆಚ್ಚುವ ಮುಂಚೆ ಮುಗಿಸಿ. ಬೆಳಿಗ್ಗೆ ಗಾಳಿ ಕಡಿಮೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಪಕ್ಕದಿಂದ ಹೊಡೆಯುತ್ತದೆ, ಆ ಹೊತ್ತಿನ ಸಮಯವನ್ನು ಬೆಳಗಿನದರ ಜೊತೆ ಹೋಲಿಸಬೇಡಿ.

ಹೊನ್ನಾವರದಿಂದ: ತಂಗಿ, ಒಂದು ರಕ್ತ ಪರೀಕ್ಷೆ ಮಾಡಿಸು. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 12 ದಾಟಿದ್ದೂ ಫೆರಿಟಿನ್ ತಳ ಮುಟ್ಟಿರುವುದು ಮುಟ್ಟಿನ ವಯಸ್ಸಿನ ಹೆಂಗಸರಲ್ಲಿ ಸಾಮಾನ್ಯ, ಏರಿನಲ್ಲಿ ಉಸಿರು ಸಾಲದಿರುವುದಕ್ಕೆ ಅದೂ ಕಾರಣವಿರಬಹುದು. ಕಬ್ಬಿಣದ ಮಾತ್ರೆ ವೈದ್ಯರು ಹೇಳಿದರೆ ಮಾತ್ರ. ಊಟದ ಜೊತೆ ಚಹಾ ಬೇಡ, ಒಂದು ತಾಸು ಬಿಟ್ಟು ಕುಡಿ. ಹರಿವೆ ಸೊಪ್ಪು, ಹೆಸರುಕಾಳಿಗೆ ಲಿಂಬೆ ಹಿಂಡಿಕೋ. ಅಭ್ಯಾಸ ಹೆಚ್ಚಿದ ಮೇಲೆ ಮೂರು ತಿಂಗಳು ಮುಟ್ಟು ನಿಂತರೆ ಅದು ಊಟ ಸಾಲದ ಲಕ್ಷಣವಿರಬಹುದು, ವೈದ್ಯರಿಗೆ ತೋರಿಸಲೇಬೇಕು. ರೇಸಿಗೆಂದು ತೂಕ ಇಳಿಸುವ ಯೋಚನೆ ಬೇಡವೇ ಬೇಡ.

ಬಾಟಲಿಗೆ: 500 ಮಿ.ಲೀ. ನೀರು, 40 ಗ್ರಾಂ ಜೋನಿಬೆಲ್ಲ, ಅರ್ಧ ಲಿಂಬೆ, ಕಾಲು ಚಮಚ ಉಪ್ಪು. ತಾಸಿಗೊಂದು ಬಾಟಲಿ, ಜೊತೆಗೊಂದು ಬಾಳೆಹಣ್ಣು. ಅಷ್ಟರಲ್ಲಿ 50 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್ ಸಿಗುತ್ತದೆ. ಬರೀ ಎಳನೀರು ಸಾಲದು, ಬೆವರಲ್ಲಿ ಹೋಗುವಷ್ಟು ಸೋಡಿಯಂ ಅದರಲ್ಲಿಲ್ಲ. ಬೆಲ್ಲದ ನೀರು ಬಿಸಿಲಿಗೆ ಹುಳಿಯುತ್ತದೆ. ಬೆಳಿಗ್ಗೆಯೇ ಮಾಡಿ, ಬಂದ ಮೇಲೆ ಬಾಟಲಿಯ ಮೂತಿಯನ್ನೂ ಬ್ರಷ್ ಹಾಕಿ ತೊಳೆ.

ಶಿರಸಿಯಿಂದ: ಇಳಿಯುವ ಮಾತು ಬಿಟ್ಟುಹೋಗಿತ್ತು. ಮರದ ನೆರಳಿನ ತಿರುವುಗಳಲ್ಲಿ ಪಾಚಿ, ತರಗೆಲೆ, ಜಲ್ಲಿ ಇರುತ್ತದೆ. ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ, ಒಳಗೆ ಹೋದ ಮೇಲೆ ಹಿಡಿಯಬೇಡಿ. ಕೆಂಪು ಮಣ್ಣಿನ ನೀರು ಬ್ರೇಕ್ ಪ್ಯಾಡನ್ನು ಬೇಗ ತಿನ್ನುತ್ತದೆ, ಒದ್ದೆಯಲ್ಲಿ ಓಡಿಸಿದ ಪ್ರತಿ ಸಲವೂ ದಪ್ಪ ನೋಡಿ. ಉಪ್ಪು ಗಾಳಿಗೆ ಸೀಟಿನ ಕಂಬ ಫ್ರೇಮಿಗೆ ಅಂಟಿಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಹೊರತೆಗೆದು ಒರೆಸಿ ಗ್ರೀಸ್ ಹಚ್ಚಿ. ಕಂಬವೋ ಫ್ರೇಮೋ ಕಾರ್ಬನ್ ಆದರೆ ಗ್ರೀಸ್ ಅಲ್ಲ, ಕಾರ್ಬನ್ ಪೇಸ್ಟ್.

ಕೇಳಿದವರು (ಕುಮಟಾ): ಎಲ್ಲರಿಗೂ ಧನ್ಯವಾದ. ರೇಸಿಗೆ ಏರೋ ಬಾರ್ (ಮೊಳಕೈ ಊರಿ ಮುಂದೆ ಬಾಗಲು ಹ್ಯಾಂಡಲಿಗೆ ಜೋಡಿಸುವ ಕೊಳವೆಗಳು) ಹಾಕಿಸಲೇ?

ಕಾರವಾರದಿಂದ: ಈ ಸಲ ಬೇಡ. ಅದರ ಮೇಲೆ ಕೈಯಿಟ್ಟಾಗ ಬ್ರೇಕ್ ಕೈಗೆ ಸಿಗುವುದಿಲ್ಲ, ಪಕ್ಕದ ಗಾಳಿಗೆ ಹ್ಯಾಂಡಲ್ ಎಳೆಯುತ್ತದೆ, ಪಳಗಲು ವಾರಗಟ್ಟಲೆ ಬೇಕು. ಬ್ರೇಕ್ ಹಿಡಿಕೆಯ ಮೇಲೆ ಕೈಯಿಟ್ಟು, ಮೊಳಕೈ ಮಡಿಸಿ, ಮುಂದೋಳು ನೆಲಕ್ಕೆ ಸಮನಾಗಿ ಬಾಗಿದರೆ ಬಹಳಷ್ಟು ಲಾಭ ಹಾಗೇ ಸಿಗುತ್ತದೆ. ಬಿಗಿಯಾದ ಜರ್ಸಿ, ಹಾರಾಡದಂತೆ ಎಂಟು ಪಿನ್ ಹಾಕಿದ ನಂಬರ್, ಅಷ್ಟು ಸಾಕು.

ರೇಸಿನ ಹಿಂದಿನ ವಾರ ಓಟದ ಸಮಯ ಅರ್ಧಕ್ಕಿಳಿಸಿ, ಜೋರು ಹಾಗೇ ಇರಲಿ. ಆ ದಿನ 20 ನಿಮಿಷ ಬಿಸಿಯಾಗಿ, ನಿಮ್ಮ ಸರದಿಗೆ ಹತ್ತು ನಿಮಿಷ ಮೊದಲೇ ಸಾಲಿನಲ್ಲಿರಿ. ತಡವಾದರೂ ಗಡಿಯಾರ ನಿಮಗೆ ಕಾಯುವುದಿಲ್ಲ. ಹ್ಯಾಂಡಲಿನ ಎರಡೂ ತುದಿಗೆ ಮುಚ್ಚಳ ಇದೆಯೇ ನೋಡಿಕೊಳ್ಳಿ, ತಪಾಸಣೆಯಲ್ಲಿ ಅದಕ್ಕೇ ತಡೆಯುತ್ತಾರೆ. ಹೊರಡುವಾಗ ಹಗುರ ಗೇರ್. ಮೊದಲ ಮೂರು ನಿಮಿಷ ‘ಇನ್ನೂ ಜೋರು ಹೋಗಬಹುದಿತ್ತು’ ಅನಿಸುವಷ್ಟರಲ್ಲೇ ಇರಿ. ಹಿಂದಿನಿಂದ ಬಂದವರು ದಾಟಿದರೆ ಅವರ ಚಕ್ರದ ಮರೆಗೆ ಸೇರಬಾರದು, ಅದು ನಿಯಮಭಂಗ. ತಿರುಗಿ ಬರುವ ಕೋನ್‌ಗೆ ಐವತ್ತು ಮೀಟರ್ ಮೊದಲೇ ಎರಡು ಗೇರ್ ಇಳಿಸಿ, ತಿರುಗಿದ ಮೇಲೆ ನಿಂತು ಹತ್ತು ತುಳಿತ ತುಳಿದು ಮತ್ತೆ ಕುಳಿತುಕೊಳ್ಳಿ.