‘ಕೈಂಡ್ಲಿ ರಿವರ್ಟ್’ ಅಂದರೆ ಉತ್ತರ ಬರೆಯಿರಿ ಅಂತಲಾ?

ನಿವೃತ್ತ ಎಫ್‌ಡಿಎ:
ಪೆನ್ಷನ್ ಖಾತೆ ವಿಚಾರಕ್ಕೆ ಮೊನ್ನೆ ಬ್ಯಾಂಕಿನಿಂದ ಮೇಲ್ ಬಂತು. ಕೊನೆಯಲ್ಲಿ ‘ಕೈಂಡ್ಲಿ ರಿವರ್ಟ್’. ಎದೆ ಧಸಕ್ಕೆಂದಿತು. 31 ವರ್ಷ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಿನಲ್ಲಿ, ಸರ್ಕಾರಿ ನೌಕರರ ಬಡ್ತಿ, ವರ್ಗಾವಣೆ ಕಡತಗಳ ಮುಂದೆ ಕೂತವನು ನಾನು. ನಮಗೆ ರಿವರ್ಟ್ ಅಂದರೆ ಹಿಂಬಡ್ತಿ, ಇನ್ನೊಂದು ಅರ್ಥವೇ ಗೊತ್ತಿಲ್ಲ. 2017ರಲ್ಲಿ ಬಡ್ತಿ ಮೀಸಲಾತಿ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ಆ ಒಂದು ಪದಕ್ಕೆ ನಿದ್ದೆಗೆಟ್ಟವರನ್ನು ಕಣ್ಣಾರೆ ನೋಡಿದ್ದೇನೆ. ಮಗಳು ನಗುತ್ತಾಳೆ: ‘ರಿಪ್ಲೈ ಮಾಡಿ ಅಂತ ಅಷ್ಟೇ ಅಪ್ಪಾ!’ ರಟ್ಟು ಕಿತ್ತ ನನ್ನ ಹಳೇ ನಿಘಂಟಿನಲ್ಲಿ ಆ ಅರ್ಥವೇ ಇಲ್ಲ. ಯಾರದು ಸರಿ?

ಪದದ ಬೆನ್ನು:
ಸರ್, ಮೂಲಕ್ಕೆ ಹತ್ತಿರ ಇರೋದು ನಿಮ್ಮದೇ. ಲ್ಯಾಟಿನ್ನಿನ ‘ರೆ’ ಅಂದರೆ ಹಿಂದಕ್ಕೆ, ‘ವೆರ್ತೆರೆ’ ಅಂದರೆ ತಿರುಗು. ಹಳೇ ಸ್ಥಿತಿಗೆ, ಹಳೇ ಚಾಳಿಗೆ, ಹಳೇ ಒಡೆಯನಿಗೆ ಮರಳುವುದೇ ರಿವರ್ಟ್. ಗುತ್ತಿಗೆ ಮುಗಿದ ಮೇಲೆ ಜಮೀನು ಮಾಲೀಕನಿಗೆ ಮರಳುವುದಕ್ಕೂ ವಕೀಲರು ಇದೇ ಪದ ಬಳಸುತ್ತಾರೆ. ‘ನಿಮ್ಮ ಹತ್ತಿರ ಮರಳಿ ಬರ್ತೀನಿ’ ಎಂಬುದು ‘ಉತ್ತರ ಕೊಡ್ತೀನಿ’ ಆದದ್ದು ನಮ್ಮ ಆಫೀಸುಗಳಲ್ಲಿ. ಸಿಂಗಪುರ, ಮಲೇಷ್ಯಾದಲ್ಲೂ ಹೀಗೇ ಬರೀತಾರೆ. ಲಂಡನ್ನಿನವರಿಗೆ ‘ಪ್ಲೀಸ್ ರಿವರ್ಟ್’ ಅಂತ ಬರೆದರೆ ‘ಯಾವುದಕ್ಕೆ ಮರಳಲಿ?’ ಅಂತ ತಲೆ ಕೆರೆದುಕೊಂಡಾರು. ಅವರಿಗೆ ‘ರಿಪ್ಲೈ’ ಸಾಕು. ‘ರಿವರ್ಟ್ ಬ್ಯಾಕ್’ ಮಾತ್ರ ಎಲ್ಲಿಯೂ ಬೇಡ, ಅದು ನಮ್ಮ ‘ಗೇಟು ಬಾಗಿಲು’ ಇದ್ದಂತೆ.

ಇನ್ನೊಂದು ಮಾತು. ಆ ‘ವೆರ್ತೆರೆ’ಯೂ ಸಂಸ್ಕೃತದ ‘ವೃತ್’ ಧಾತುವೂ ಒಂದೇ ಬೇರಿನವು. ಪರಿವರ್ತನೆ, ಆವರ್ತ ಎಲ್ಲ ಅಲ್ಲಿಂದಲೇ. ನಿಮ್ಮ ಹೆಸರಿನ ಮುಂದಿರುವ ‘ನಿವೃತ್ತ’ ಕೂಡ!

ಕೋಡಮ್ಮ:
ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇನ್ನೊಂದು ಅರ್ಥ ಇದೆ ಅಂಕಲ್. ಕೋಡಿನಲ್ಲಿ ಮಾಡಿದ ಬದಲಾವಣೆಗಳ ಲೆಕ್ಕ ಇಡೋಕೆ ‘ಗಿಟ್’ ಅಂತ ಒಂದಿದೆ, ಅದರಲ್ಲಿ ದಾಖಲಾದ ಒಂದೊಂದು ಬದಲಾವಣೆಯೂ ಒಂದು ‘ಕಮಿಟ್’. ‘ಗಿಟ್ ರಿವರ್ಟ್’ ಕೊಟ್ಟರೆ ತಪ್ಪಾದ ಕಮಿಟ್ ಅಳಿಸಿ ಹೋಗಲ್ಲ. ಅದನ್ನ ರದ್ದು ಮಾಡೋ ಹೊಸ ಕಮಿಟ್ ಒಂದು ಸೇರುತ್ತೆ. ಹೊಸದಾಗಿ ಸೇರಿದ ಹುಡುಗನಿಗೆ ಒಮ್ಮೆ ‘ಪ್ಲೀಸ್ ರಿವರ್ಟ್’ ಅಂತ ಮೆಸೇಜ್ ಹಾಕಿದ್ದೆ. ನಾನು ಕೇಳಿದ್ದು ಉತ್ತರ. ಪಾಪ, ಎರಡು ದಿನದ ಕೆಲಸವನ್ನೇ ವಾಪಸ್ ತಿರುಗಿಸಿಬಿಟ್ಟ.

ನಿವೃತ್ತ ಎಫ್‌ಡಿಎ:
ಕೋಡಮ್ಮನವರೇ, ಇದು ನಮ್ಮ ಸರ್ವಿಸ್ ರಿಜಿಸ್ಟರಿನ ಹಾಗೇ ಇದೆಯಲ್ಲ! ಹಳೇ ನಮೂದನ್ನು ಕೆರೆಯುವ ಹಾಗಿಲ್ಲ; ಹೊಸ ಆದೇಶದ ಸಂಖ್ಯೆ, ದಿನಾಂಕ ಹಾಕಿ ಕೆಳಗೆ ಬರೆಯಬೇಕು.

ಬ್ಯಾಂಕಿಗೆ ‘ದಿಸ್ ಈಸ್ ಮೈ ರಿಪ್ಲೈ’ ಅಂತ ಶುದ್ಧವಾಗಿ ಬರೆದು ಕಳಿಸಿದೆ. ಹತ್ತು ನಿಮಿಷಕ್ಕೆ ಬಂತು: ‘ನೋಟೆಡ್. ವಿಲ್ ರಿವರ್ಟ್ ಬ್ಯಾಕ್.’