ಸಾವಾದ ಮನೆಗೆ ದೀಪಾವಳಿ ಕಾರ್ಡಿನಲ್ಲಿ ಏನು ಬರೆಯಲಿ?

ವಿನೋಬನಗರದವಳು, ಶಿವಮೊಗ್ಗ

ದೀಪಾವಳಿಗೆ ಇನ್ನು 18 ದಿನ ಇದೆ. ಗಾಂಧಿ ಬಜಾರಿನಿಂದ 20 ಕಾರ್ಡ್ ತಂದಿದ್ದೇನೆ. ಪ್ರತಿ ವರ್ಷವೂ ಕಳಿಸುತ್ತೇನೆ. ವಾಟ್ಸಾಪಿನಲ್ಲಿ ದೀಪದ ಚಿತ್ರ ಒತ್ತಿ ಕಳಿಸಿದರೆ ನನಗೆ ಸಮಾಧಾನ ಆಗುವುದಿಲ್ಲ.

ಅಮ್ಮ ಹೋದ ಮೇಲೆ ಅವಳ ಟ್ರಂಕಿನಲ್ಲಿ ಹಳೆ ಕಾರ್ಡುಗಳ ಒಂದು ಕಟ್ಟು ಸಿಕ್ಕಿತು. ಸಂಕ್ರಾಂತಿಯದು, ಯುಗಾದಿಯದು, ದೊಡ್ಡ ಹಬ್ಬ ಅಂದರೆ ದೀಪಾವಳಿಯದು. ಅಚ್ಚಾದ ಪದ್ಯ ಒಂದನ್ನೂ ನಾನು ಓದಲಿಲ್ಲ. ಕೆಳಗೆ ಪೆನ್ನಿನಲ್ಲಿ ಬರೆದದ್ದನ್ನು ಮಾತ್ರ ಹುಡುಕಿ ಹುಡುಕಿ ಓದಿದೆ. ಒಂದರಲ್ಲಿ “ನಿನ್ನ ಮಗಳ ಕೆಮ್ಮು ನಿಂತಿತಾ?” ಅಂತ ಇತ್ತು. ಆ ಮಗಳು ನಾನೇ. ಬರೆದವರು ತೀರ್ಥಹಳ್ಳಿ ಹತ್ತಿರದ ನನ್ನ ಚಿಕ್ಕಪ್ಪ.

ಆ ಚಿಕ್ಕಪ್ಪ ಈ ಜುಲೈನಲ್ಲಿ ತೀರಿಕೊಂಡರು. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವ ಸಮಯ. ವರ್ಷ ತುಂಬುವವರೆಗೆ ಆ ಮನೆಯಲ್ಲಿ ಹಬ್ಬ ಇಲ್ಲ. ಚಿಕ್ಕಮ್ಮ ಒಬ್ಬಳೇ ಇದ್ದಾಳೆ. ಚಿಕ್ಕಪ್ಪನ ಮಾತ್ರೆ ಡಬ್ಬಿ ಇನ್ನೂ ಕಿಟಕಿಯ ಮೇಲೇ ಇದೆ, ತೆಗೆಯಲು ಕೈ ಬರುತ್ತಿಲ್ಲ ಅಂತ ಫೋನಿನಲ್ಲಿ ಹೇಳಿದಳು.

‘ಹಾರ್ದಿಕ ಶುಭಾಶಯಗಳು’ ಅಂತ ಅಚ್ಚಾಗಿರುವ ಕಾರ್ಡನ್ನು ಅವಳಿಗೆ ಹೇಗೆ ಕಳಿಸಲಿ? ಕಳಿಸದೆ ಬಿಟ್ಟರೆ ನಾನೂ ಅವಳನ್ನು ಬಿಟ್ಟ ಹಾಗೆ ಅಲ್ವಾ? ನಾಲ್ಕು ಸಲ ಪೆನ್ನು ಹಿಡಿದು ಕೆಳಗಿಟ್ಟಿದ್ದೇನೆ.

ಇನ್ನೊಂದು ಸಣ್ಣ ವಿಷಯ. ಅಕ್ಕನ ಮಗ ಅಮೆರಿಕದಲ್ಲೇ ಬೆಳೆದವನು. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾನೆ. ಅವನಿಗೂ ಏನಾದರೂ ಬರೆಯಬೇಕು.

ನಿವೃತ್ತ ಅಂಚೆಯಣ್ಣ, ಹೊಸನಗರ ಕಡೆ

ತಂಗಿ, ನಾನು 31 ವರ್ಷ ಟಪಾಲು ಹಂಚಿದವನು. ಬೇಸಿಗೆಯಲ್ಲಿ ಸೈಕಲ್, ಮಳೆಗಾಲದಲ್ಲಿ ಕೊಡೆ ಹಿಡಿದು ನಡಿಗೆ.

ಆಗ ಹಬ್ಬದ ಕಾರ್ಡುಗಳು ಜಾಸ್ತಿ ಬುಕ್ ಪೋಸ್ಟಿನಲ್ಲೇ ಬರುತ್ತಿದ್ದವು. ಕವರಿನ ಬಾಯಿ ಅಂಟಿಸುವ ಹಾಗಿಲ್ಲ. ಪತ್ರದ ಹಾಗೆ ಉದ್ದಕ್ಕೆ ಬರೆಯುವ ಹಾಗಿಲ್ಲ. ಅದಕ್ಕೇ ದರ ಕಡಿಮೆ. ಹಾಗಾಗಿ ತುಂಬಾ ಜನ ಬರೀ ಹೆಸರು ಬರೆದು ಕಳಿಸುತ್ತಿದ್ದರು. ಓದಲು ಬಾರದ ಅಜ್ಜಿಯರು ನನ್ನನ್ನು ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು ಓದಿಸುತ್ತಿದ್ದರು. ಪದ್ಯ ಶುರು ಮಾಡಿದರೆ “ಅದು ಇರಲಿ, ಅವನು ಏನು ಬರೆದಿದ್ದಾನೆ ಹೇಳು” ಅನ್ನುತ್ತಿದ್ದರು. ಹೆಸರು ಓದಿ ನಿಲ್ಲಿಸಿದರೆ “ಇಷ್ಟೇನಾ?” ಆ ಮುಖ ನೋಡಲಾಗದೆ, “ನಿಮ್ಮ ಮಂಡಿ ನೋವು ಹೇಗಿದೆ ಅಂತ ಕೇಳಿದ್ದಾನೆ” ಎಂದು ನಾನೇ ಸೇರಿಸಿ ಓದಿದ್ದೂ ಇದೆ. ಅದು ಸರಿಯೋ ತಪ್ಪೋ, ಅಜ್ಜಿ ಕಾರ್ಡನ್ನು ದೇವರ ಕೋಣೆಯಲ್ಲಿ ಇಡುತ್ತಿದ್ದರು.

ನಮ್ಮ ಕಡೆ ದೀಪಾವಳಿಗೆ ಅಂಟಿಗೆ ಪಂಟಿಗೆಯವರು ಬರುತ್ತಾರಲ್ಲ, ರಾತ್ರಿಯಲ್ಲಿ ದೀಪ ಹಿಡಿದು ಮನೆ ಮನೆಗೆ. ಹಾಡು ಎಲ್ಲಾ ಮನೆಗೂ ಅದೇ. ಆದರೆ ಹಾಡು ಮುಗಿದ ಮೇಲೆ “ಏನಮ್ಮಾ, ಮಗ ಬಂದನಾ? ಎಮ್ಮೆ ಕರು ಹಾಕಿತಾ?” ಅಂತ ಕೇಳುತ್ತಾರೆ. ಆ ಮನೆಯನ್ನು ಬಲ್ಲವರು ಮಾತ್ರ ಕೇಳುವ ಮಾತು ಅದು. ನಿಮ್ಮ ಕಾರ್ಡಿನ ಪದ್ಯ ಆ ಹಾಡಿನ ಹಾಗೆ, ಇರಲಿ ಬಿಡಿ. ಈ ಕೇಳುವ ಮಾತನ್ನು ಮಾತ್ರ ನೀವು ಬರೆಯಬೇಕು.

ಇನ್ನು ಟಪಾಲಿನ ಮಾತು. ಕವರಿಗೆ 20 ಗ್ರಾಂವರೆಗೆ 5 ರೂಪಾಯಿ. ದಪ್ಪ ಕಾರ್ಡು ಅದನ್ನು ಮೀರಬಹುದು, ಕೌಂಟರಿನಲ್ಲಿ ತೂಕ ಹಾಕಿಸಿ. ಸ್ಟಾಂಪು ಕಡಿಮೆ ಬಿದ್ದರೆ ಅಲ್ಲಿ ಪಡೆಯುವವರು ದುಡ್ಡು ಕಟ್ಟಬೇಕಾಗುತ್ತದೆ. ಚಿಕ್ಕಮ್ಮನ ಬಾಗಿಲಲ್ಲಿ ಅದಾಗಬಾರದು. ಚಿತ್ರದ ಕಾರ್ಡ್ ಬೇಡ ಅನಿಸಿದರೆ 2 ರೂಪಾಯಿ 50 ಪೈಸೆಯ ಇನ್‌ಲ್ಯಾಂಡ್ ಲೆಟರ್ ಇದೆ. ಮೂರು ಕಡೆ ಮಡಚಿ ಅಂಟಿಸಿದರೆ ಬೇರೆ ಯಾರೂ ಓದುವುದಿಲ್ಲ. ಪಿನ್ ಕೋಡ್ ಮರೆಯಬೇಡಿ.

ಕೊಪ್ಪದ ಹತ್ತಿರದ ಅಕ್ಕ

ನಮ್ಮವರು ಹೋಗಿ 6 ವರ್ಷ ಆಯಿತು. ನಿಮ್ಮ ಚಿಕ್ಕಮ್ಮನ ಜಾಗದಲ್ಲಿ ನಿಂತು ಹೇಳುತ್ತೇನೆ, ಕಳಿಸಿ.

ಮೊದಲೆಲ್ಲ ಹಬ್ಬಕ್ಕೆ ನಮಗೆ 15 ಕಾರ್ಡಿಗೆ ಕಡಿಮೆ ಬರುತ್ತಿರಲಿಲ್ಲ. ಆ ವರ್ಷ ಮೂರೇ ಬಂದವು. ನನ್ನ ಮನಸ್ಸು ನೋಯಿಸಬಾರದು ಅಂತ ಜನ ಬಿಟ್ಟಿದ್ದರು, ಅದು ಗೊತ್ತು. ಆದರೂ ಟಪಾಲಿನ ಹೊತ್ತಿಗೆ ಅಂಗಳದ ಕಡೆ ನೋಡುತ್ತಿದ್ದೆ.

ಮೂರರಲ್ಲಿ ಎರಡು ಕಾರ್ಡಿನಲ್ಲಿ ‘ಬಾಳಲ್ಲಿ ಬೆಳಕು ತುಂಬಲಿ’ ಅಂತ ಇತ್ತು. ಓದಿ ಮಡಚಿಟ್ಟೆ. ಮೂರನೆಯದು 50 ಪೈಸೆಯ ಬರೀ ಅಂಚೆ ಕಾರ್ಡು, ನಮ್ಮವರ ಜೊತೆ ಶಾಲೆಗೆ ಹೋದವರು ಬರೆದದ್ದು. ಅದು ನನಗೆ ಬಾಯಿಪಾಠ ಆಗಿದೆ. “ಅತ್ತಿಗೆ, ಈ ಸಲ ದನಗಳಿಗೆ ಮಾಲೆ ಯಾರು ಕಟ್ಟುತ್ತಾರೆ? ಅವನು ಗಂಟು ಹಾಕುತ್ತಿದ್ದ ರೀತಿ ನನಗೆ ಗೊತ್ತು. ಹಿಂದಿನ ದಿನ ಸಂಜೆ ಬರುತ್ತೇನೆ. ಪಚ್ಚೆತೆನೆ ನಾನೇ ತರುತ್ತೇನೆ.” ಬಂದರು. ಪೂಜೆ ಮಾಡಲಿಲ್ಲ. ಆದರೆ ದನಗಳಿಗೆ ಏನು ಗೊತ್ತು? ಮೈ ತೊಳೆದು, ಅಡಿಕೆ, ಪಚ್ಚೆತೆನೆ, ಚೆಂಡುಹೂವು ಪೋಣಿಸಿ ಒಂದೊಂದು ಮಾಲೆ ಹಾಕಿದೆವು. ನಮ್ಮವರು ಹೋದಾಗಿನಿಂದ ಅತ್ತಿರದಿದ್ದವಳು ಅವತ್ತು ಕೊಟ್ಟಿಗೆಯಲ್ಲಿ ಅತ್ತೆ.

ಅದಕ್ಕೇ ಹೇಳುತ್ತೇನೆ, ಚಿಕ್ಕಪ್ಪನ ಬಗ್ಗೆ ಬರೆಯಿರಿ. ಅವರು ಮಾಡುತ್ತಿದ್ದ ಒಂದು ಕೆಲಸ, ಆಡುತ್ತಿದ್ದ ಒಂದು ಮಾತು. ಎಲ್ಲರೂ ನನ್ನ ಮುಂದೆ ಅವರ ಹೆಸರೆತ್ತುವುದನ್ನೇ ನಿಲ್ಲಿಸಿದ್ದರು. ಅದು ಸಾವಿಗಿಂತ ಕಷ್ಟ. ‘ಆತ್ಮಕ್ಕೆ ಶಾಂತಿ ಸಿಗಲಿ’ ಅಂತ ಮತ್ತೆ ಬರೆಯಬೇಡಿ, ಅದನ್ನು ಹದಿಮೂರನೆಯ ದಿನದವರೆಗೆ ಎಲ್ಲರೂ ಹೇಳಿ ಆಗಿರುತ್ತದೆ. ‘ಏನಾದರೂ ಬೇಕಿದ್ದರೆ ಹೇಳು’ ಅಂತಲೂ ಬೇಡ. ನಮ್ಮಂಥವರು ಕೇಳುವುದಿಲ್ಲ. ಯಾವ ದಿನ ಬರುತ್ತೀರಿ, ಎಷ್ಟು ದಿನ ಇರುತ್ತೀರಿ, ಅದನ್ನು ಬರೆಯಿರಿ. ಬರೆದ ಮೇಲೆ ಖಂಡಿತ ಹೋಗಿ.

ಸಾಗರದ ಹುಡುಗ, ಈಗ ಬೆಂಗಳೂರು

ಅಕ್ಕನ ಮಗನ ಬಗ್ಗೆ ಒಂದು ಮಾತು. ಅಕ್ಷರ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯಿರಿ, ಮೂರೇ ಸಾಲು. ಇಂಗ್ಲಿಷಿಗೆ ತಿರುಗಬೇಡಿ. ನನ್ನ ಅಣ್ಣನ ಮಗಳೂ ಹೀಗೇ. ಓದಲು ಬಾರದ ಸಾಲನ್ನು ಅವಳು ಅಪ್ಪನ ಹತ್ತಿರ ಒಯ್ಯುತ್ತಾಳೆ. ಅವನು ಓದಿ ಹೇಳುತ್ತಾ ಊರಿನ ಎರಡು ಕಥೆ ಹೇಳುತ್ತಾನೆ. ಹೋದ ವರ್ಷ ‘ನಿನ್ನ ಅಪ್ಪ ಸಣ್ಣವನಿದ್ದಾಗ ಹಬ್ಬದ ಹೋಳಿಗೆ ಕದ್ದು ಹುಲ್ಲಿನ ಗೊಣಬೆಯಲ್ಲಿ ಬಚ್ಚಿಟ್ಟಿದ್ದ’ ಅಂತ ಬರೆದಿದ್ದೆ. ಗೊಣಬೆ ಅಂದರೆ ಏನು ಅಂತ ಅವಳೇ ಫೋನ್ ಮಾಡಿ ಕೇಳಿದಳು. ಅರ್ಧ ಗಂಟೆ ಮಾತಾಡಿದೆವು.

ವಿನೋಬನಗರದವಳು, ಶಿವಮೊಗ್ಗ

ಎಲ್ಲರಿಗೂ ಕೈ ಮುಗಿಯುತ್ತೇನೆ. ಕೊಪ್ಪದ ಅಕ್ಕ, ನಿಮ್ಮದನ್ನು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಅಂಚೆಯಣ್ಣ, ನೀವು ಹೇಳಿದ ಹಾಗೆ ಇನ್‌ಲ್ಯಾಂಡ್ ತಂದೆ. ಇವತ್ತು ಬೆಳಿಗ್ಗೆ ಡಬ್ಬಿಗೆ ಹಾಕಿ ಬಂದೆ. ಬರೆದದ್ದು ಇಷ್ಟು:

“ಚಿಕ್ಕಮ್ಮ, ಮೊನ್ನೆ ಬಸ್ಸು ತುಂಗೆಯ ಸೇತುವೆ ದಾಟುವಾಗ ಚಿಕ್ಕಪ್ಪ ನೆನಪಾದರು. ಅಲ್ಲಿಗೆ ಬಂದ ಕೂಡಲೇ ಕಿಟಕಿಯಿಂದ ಒಂದು ರೂಪಾಯಿ ನದಿಗೆ ಹಾಕಿ ‘ಇದು ನಿನ್ನ ಪರೀಕ್ಷೆಗೆ’ ಅನ್ನುತ್ತಿದ್ದರಲ್ಲ. ನನ್ನ ಓದು ಮುಗಿದು 25 ವರ್ಷ ಆದ ಮೇಲೂ ಹಾಗೇ ಅನ್ನುತ್ತಿದ್ದರು. ಈ ಸಲ ಆ ರೂಪಾಯಿ ನಾನು ಹಾಕಿದೆ. ಪಾಡ್ಯದ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ, ಮೂರು ದಿನ ಇರುತ್ತೇನೆ. ನನಗೆ ಗಂಜಿ, ಉಪ್ಪಿನಕಾಯಿ ಸಾಕು. ಆ ಮಾತ್ರೆ ಡಬ್ಬಿ ಅಲ್ಲೇ ಇರಲಿ, ನೀನೊಬ್ಬಳೇ ತೆಗೆಯಬೇಡ. ನಾನು ಬಂದ ಮೇಲೆ ಇಬ್ಬರೂ ಸೇರಿ ತೆಗೆಯೋಣ.”